ಕೆಸರುಗದ್ದೆಯಲ್ಲಿ ತಿರುಚಿದ ಮಂಡಿ: ಮೆನಿಸ್ಕಸ್ ಕತ್ತರಿಸುವುದಾ, ಹೊಲಿಯುವುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕು. ನನ್ನ ತಮ್ಮನಿಗೆ 24 ವರ್ಷ. ಜುಲೈನಲ್ಲಿ ಊರಿನ ಕೆಸರುಗದ್ದೆ ಕ್ರೀಡಾಕೂಟದಲ್ಲಿ ವಾಲಿಬಾಲ್ ಆಡುವಾಗ ಕಾಲು ಕೆಸರಲ್ಲಿ ಹೂತು, ಮೈ ಮಾತ್ರ ತಿರುಗಿತು. 'ಟಕ್' ಅಂತ ಶಬ್ದ ಬಂತಂತೆ. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿ ಥರ ಊದಿತು. ಉಳುಕು ತೆಗೆಯುವವರ ಹತ್ತಿರ ಮೂರು ಸಲ ಎಣ್ಣೆ ಹಾಕಿ ತಿಕ್ಕಿಸಿದೆವು. ಈಗ ಊತ ಇಳಿದಿದೆ. ಆದರೆ ತೋಟಕ್ಕೆ ಇಳಿಯುವಾಗ ಮಂಡಿ ಜಾರಿದ ಹಾಗಾಗುತ್ತದೆ, ಕುಕ್ಕರಗಾಲಲ್ಲಿ ಕೂತರೆ ಒಳಮಗ್ಗುಲು ಹಿಡಿದುಕೊಳ್ಳುತ್ತದೆ. ಆರು ವಾರದ ಮೇಲೆ ಎಂಆರ್‌ಐ ಮಾಡಿಸಿದೆವು. ಎಸಿಎಲ್ ಅನ್ನುವ ಲಿಗಮೆಂಟು (ಮೂಳೆಗಳನ್ನು ಹಿಡಿದಿಡುವ ನಾರು) ಪೂರ್ತಿ ಹರಿದಿದೆ, ಮಂಡಿಯೊಳಗಿನ ಮೆತ್ತೆಯಾದ ಒಳಬದಿಯ ಮೆನಿಸ್ಕಸ್‌ನ ಹಿಂಭಾಗದಲ್ಲಿ ಗ್ರೇಡ್ 3 ಟಿಯರ್ (ಸೀಳು), ಹೊರಬದಿಯ ಮೆನಿಸ್ಕಸ್‌ನಲ್ಲಿ ಗ್ರೇಡ್ 2 ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಲಿಗಮೆಂಟು, ಮೆನಿಸ್ಕಸ್ ಎರಡನ್ನೂ ಒಟ್ಟಿಗೆ ಸರಿಮಾಡಬೇಕು ಅಂದರು. ಇನ್ನೊಬ್ಬರು ಲಿಗಮೆಂಟ್ ಸದ್ಯಕ್ಕೆ ಬೇಡ, ಹರಿದ ಮೆನಿಸ್ಕಸ್ ಚೂರು ತೆಗೆದರೆ ಸಾಕು, ಹದಿನೈದು ದಿನಕ್ಕೆ ಓಡಾಡುತ್ತಾನೆ ಅಂದರು. ದೀಪಾವಳಿ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಶುರುವಾಗುತ್ತದೆ. ಯಾರ ಮಾತು ಕೇಳೋದು?

ಉತ್ತರ: ಕೊಯ್ಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಈ ವರ್ಷ ನಿಮ್ಮ ತಮ್ಮನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಪರೇಷನ್ ಆದರೂ ಇಲ್ಲ, ಆಗದಿದ್ದರೂ ಇಲ್ಲ. ಕೊನೆ ಹೊರುವುದು ಬೇಡ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂರುವುದೂ ಬೇಡ. ಅಂಗಳದಲ್ಲಿ ಕುರ್ಚಿ ಹಾಕಿ, ಸುಲಿದವರ ಲೆಕ್ಕ ಬರೆಯುವ ಕೆಲಸ ಕೊಡಿ. ಇದೊಂದು ತೀರ್ಮಾನವಾದರೆ ಉಳಿದದ್ದನ್ನು ಗಡಿಬಿಡಿ ಇಲ್ಲದೆ ಯೋಚಿಸಬಹುದು. 'ಹದಿನೈದು ದಿನ' ಅನ್ನುವ ಮಾತು ನಿಮಗೆ ಅಷ್ಟು ಹಿತವಾಗಿ ಕೇಳಿಸಿದ್ದು ಕೊಯ್ಲಿನ ಚಿಂತೆಯಿಂದಲೇ ಇರಬೇಕು.

ನೀವು ಬರೆದ ಕಥೆಯಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಪಾದ ಕೆಸರಲ್ಲಿ ಸಿಕ್ಕಿಕೊಂಡಿದೆ, ಮಂಡಿ ಸ್ವಲ್ಪ ಮಡಚಿದೆ, ಮೈ ತಿರುಗಿದೆ. ಎಸಿಎಲ್ ಹರಿಯುವುದಕ್ಕೆ ಇನ್ನೇನು ಬೇಕು? ಎದುರಾಳಿ ಬಂದು ಗುದ್ದಬೇಕು ಅಂತಲೇ ಇಲ್ಲ. ಇನ್ನೊಂದು ಸುಳಿವು ಊತದ್ದು. ಎಸಿಎಲ್ ಒಳಗೆ ರಕ್ತನಾಳಗಳಿವೆ. ಅದು ಹರಿದರೆ ಮಂಡಿಯೊಳಗೆ ರಕ್ತ ತುಂಬಿ ಒಂದೆರಡು ಗಂಟೆಯಲ್ಲೇ ಊದುತ್ತದೆ. ಬರೀ ಮೆನಿಸ್ಕಸ್ ಹರಿದಿದ್ದರೆ ಸಾಮಾನ್ಯವಾಗಿ ಊತ ಮಾರನೇ ದಿನ ನಿಧಾನಕ್ಕೆ ಬರುತ್ತದೆ. ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ 'ಎಲ್ಲಿ ನೋವು' ಅಂತಲ್ಲ, 'ಎಷ್ಟು ಹೊತ್ತಿಗೆ ಊದಿತು' ಅಂತ.

ಎಣ್ಣೆ ತಿಕ್ಕಿಸಿದ್ದಕ್ಕೆ ಬೈಯುವುದಿಲ್ಲ. ಊರಲ್ಲಿ ಎಲ್ಲರೂ ಮೊದಲು ಮಾಡುವುದೇ ಅದು. ಆದರೆ ರಕ್ತ ತುಂಬಿದ ಮಂಡಿಯನ್ನು ಎಳೆದು, ಮಡಚಿ, 'ಕೂರಿಸಲು' ಹೋದರೆ ಸಣ್ಣ ಸೀಳು ದೊಡ್ಡದಾಗಬಹುದು. ಇನ್ನು ಮೇಲೆ ಬೇಡ.

ಈಗ ಮೆನಿಸ್ಕಸ್ ವಿಷಯ. ತೊಡೆ ಮೂಳೆಗೂ ಮೊಳಗಾಲಿನ (ಮಂಡಿಯಿಂದ ಕೆಳಗಿನ ಕಾಲಿನ) ಮೂಳೆಗೂ ನಡುವೆ ಒಳಬದಿಗೊಂದು, ಹೊರಬದಿಗೊಂದು, ಅರ್ಧಚಂದ್ರದ ಆಕಾರದ ಎರಡು ಗಟ್ಟಿ ರಬ್ಬರಿನಂಥ ಪಟ್ಟಿಗಳಿವೆ. ಅಂಚು ದಪ್ಪ, ಒಳಕ್ಕೆ ಹೋದಂತೆ ತೆಳು. ಕಾಲು ನೆಟ್ಟಗಿದ್ದಾಗ ಮಂಡಿಯ ಮೇಲೆ ಬೀಳುವ ಭಾರದಲ್ಲಿ ಸುಮಾರು ಅರ್ಧವನ್ನು ಇವೇ ಹೊರುತ್ತವೆ. 90 ಡಿಗ್ರಿ ಮಡಚಿದಾಗ ಅದು ಸುಮಾರು ಶೇ. 85ರಷ್ಟಾಗುತ್ತದೆ. ಕುಕ್ಕರಗಾಲಲ್ಲಿ ಕೂತಾಗಲೇ ನಿಮ್ಮ ತಮ್ಮನಿಗೆ ಹಿಡಿದುಕೊಳ್ಳುವುದು ಯಾಕೆ ಅಂತ ಗೊತ್ತಾಯಿತಲ್ವಾ?

ಜನ ಇದನ್ನು ಪಂಪ್‌ಸೆಟ್ಟಿನ ವಾಷರ್ ಅಂದುಕೊಳ್ಳುತ್ತಾರೆ. ಹೋದರೆ ಹೋಯಿತು, ಕಿತ್ತು ಬಿಸಾಕಿದರಾಯಿತು ಅಂತ. ಹಿಂದೆ ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು, ಮೆನಿಸ್ಕಸ್ಸನ್ನು ಇಡಿಯಾಗಿ ತೆಗೆಯುತ್ತಿದ್ದರು. ಹಾಗೆ ತೆಗೆಸಿಕೊಂಡವರ ಮಂಡಿಗಳಲ್ಲಿ ಮುಂದೆ ಆಗುವ ಬದಲಾವಣೆಗಳನ್ನು ಎಕ್ಸ್‌ರೇ ಇಟ್ಟು ತೋರಿಸಿದವರು ಬ್ರಿಟನ್ನಿನ ಫೇರ್‌ಬ್ಯಾಂಕ್, 1948ರಲ್ಲಿ. ಮೂಳೆಗಳ ನಡುವಿನ ಜಾಗ ಕಿರಿದಾಗಿತ್ತು, ಅಂಚಿನಲ್ಲಿ ಮೂಳೆ ಬೆಳೆದಿತ್ತು. ತಮಾಷೆ ಅಂದರೆ ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಅನ್ನುವ ಸರ್ಜನ್ 1883ರಲ್ಲೇ ಗಣಿ ಕೆಲಸಗಾರನೊಬ್ಬನ ಮೆನಿಸ್ಕಸ್ಸನ್ನು ಹೊಲಿದು ಕೂರಿಸಿದ್ದರು. ಅದಾದ ಮೇಲೂ ಹಲವು ದಶಕ ಕತ್ತರಿಯದೇ ರಾಜ್ಯಭಾರ.

ನಿಮ್ಮ ಪ್ರಶ್ನೆಗೆ ಇನ್ನೂ ಮುಖ್ಯವಾದದ್ದು ಮೆನಿಸ್ಕಸ್‌ನ ಎರಡನೇ ಕೆಲಸ. ಹುಲಿಕಲ್ ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಇಳಿದು ಮೊದಲು ಏನು ಮಾಡುತ್ತಾನೆ? ಟೈರಿಗೆ ಒಂದು ಕಲ್ಲು ಕೊಡುತ್ತಾನೆ. ಬ್ರೇಕ್ ಸರಿಯಿದ್ದಾಗ ಆ ಕಲ್ಲಿಗೆ ಹೆಚ್ಚು ಕೆಲಸವಿಲ್ಲ. ಬ್ರೇಕ್ ಹೋಗಿದ್ದರೆ ಲಾರಿ ನಿಂತಿರುವುದೇ ಆ ಕಲ್ಲಿನ ಮೇಲೆ. ಎಸಿಎಲ್ ಅನ್ನುವುದು ಬ್ರೇಕು. ಮೊಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ಅದು ಹರಿದ ಮೇಲೆ ಒಳಬದಿಯ ಮೆನಿಸ್ಕಸ್‌ನ ಹಿಂಭಾಗವೇ ಆ ಕಲ್ಲು. ನಿಮ್ಮ ತಮ್ಮನಿಗೆ ಹರಿದಿರುವುದು ಸರಿಯಾಗಿ ಅಲ್ಲೇ. ಬ್ರೇಕ್ ರಿಪೇರಿ ಮಾಡದೆ ಕಲ್ಲನ್ನು ಮಾತ್ರ ಕತ್ತರಿಸಿ ತೆಗೆದರೆ ಮಂಡಿ ಈಗಿಗಿಂತ ಜಾಸ್ತಿ ಸಡಿಲವಾಗುತ್ತದೆ. ಹದಿನೈದು ದಿನಕ್ಕೆ ಓಡಾಡುತ್ತಾನೆ, ಅದು ಸುಳ್ಳಲ್ಲ. ಚೂರು ಸಿಕ್ಕಿಕೊಳ್ಳುವುದು ನಿಲ್ಲುತ್ತದೆ, ನೋವೂ ಕಡಿಮೆಯಾಗುತ್ತದೆ. ಆದರೆ 24 ವರ್ಷದ, ತೋಟದ ಏರಿಳಿತದಲ್ಲಿ ದಿನಾ ಓಡಾಡುವ ಹುಡುಗನಿಗೆ ಅದು ನಾನು ಕೊಡುವ ಸಲಹೆ ಅಲ್ಲ. ಎಸಿಎಲ್ ನಿಜಕ್ಕೂ ಪೂರ್ತಿ ಹರಿದಿದ್ದರೆ ನಾನು ಮೊದಲ ಡಾಕ್ಟರ ಕಡೆ.

'ನಿಜಕ್ಕೂ' ಅಂದೆ. ಅದನ್ನು ಕಂಡುಕೊಳ್ಳುವುದು ಫಿಲ್ಮ್ ನೋಡಿ ಅಲ್ಲ, ಕೈ ಇಟ್ಟು. ಮಂಡಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮೊಳಗಾಲನ್ನು ಮುಂದಕ್ಕೆ ಎಳೆಯುತ್ತೇವೆ. ಲ್ಯಾಕ್ಮನ್ ಪರೀಕ್ಷೆ ಅಂತ ಹೆಸರು. ಒಳ್ಳೆಯ ಕಾಲಿನಲ್ಲಿ ಹಗ್ಗ ಬಿಗಿದು ನಿಂತಂತೆ ಒಂದು ಕಡೆ 'ಟಕ್' ಅಂತ ನಿಲ್ಲುತ್ತದೆ. ಹರಿದ ಕಾಲಿನಲ್ಲಿ ಆ ನಿಲುಗಡೆಯೇ ಸಿಗುವುದಿಲ್ಲ, ಮೆತ್ತಗೆ ಜಾರುತ್ತಾ ಹೋಗುತ್ತದೆ. ಎರಡೂ ಕಾಲು ಹೋಲಿಸಿ ನೋಡಲೇಬೇಕು, ಯಾಕಂದರೆ ಕೆಲವರ ಮೈಯೇ ಹುಟ್ಟಾ ಸಡಿಲ. ಮೆನಿಸ್ಕಸ್‌ಗೆ ಕೀಲಿನ ಗೆರೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇವೆ, ಮಂಡಿ ಮಡಚಿ ಪಾದ ತಿರುಗಿಸುವ ಮೆಕ್‌ಮರ್ರೆ ಪರೀಕ್ಷೆ ಮಾಡುತ್ತೇವೆ. ಆದರೆ ಲಿಗಮೆಂಟ್ ಕೂಡ ಹರಿದಿರುವಾಗ ಈ ಮೆನಿಸ್ಕಸ್ ಪರೀಕ್ಷೆಗಳ ಮೇಲೆ ಪೂರ್ತಿ ಭರವಸೆ ಇಡಲು ಬರುವುದಿಲ್ಲ. ಎಲ್ಲಿ ಒತ್ತಿದರೂ ನೋವು ಅನ್ನುವವರೇ ಹೆಚ್ಚು. ವಿಡಿಯೋ ನೋಡಿ ಮನೆಯಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ.

ಮನೆಯಲ್ಲಿ ಒಂದು ನೋಡಬಹುದು. ತಮ್ಮನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಮೊಳಗಾಲೆರಡೂ ಮಂಚದ ಅಂಚಿನಿಂದ ಹೊರಗಿರಲಿ. ಕಾಲು ಸಡಿಲ ಬಿಟ್ಟಾಗ ಎರಡೂ ಹಿಮ್ಮಡಿ ಒಂದೇ ಮಟ್ಟದಲ್ಲಿವೆಯಾ? ಪೆಟ್ಟಾದ ಕಾಲಿನ ಹಿಮ್ಮಡಿ ಮೇಲೇ ನಿಂತಿದ್ದರೆ ಮಂಡಿ ಪೂರ್ತಿ ನೆಟ್ಟಗಾಗುತ್ತಿಲ್ಲ ಅಂತ. ಅದು ಬರೀ ಸ್ನಾಯು ಸೆಟೆದುಕೊಂಡು ಆಗಿರಬಹುದು, ಹರಿದ ಎಸಿಎಲ್‌ನ ತುಂಡು ಅಡ್ಡ ಬಂದಿರಬಹುದು. ಅಥವಾ ಮೆನಿಸ್ಕಸ್ ಉದ್ದಕ್ಕೆ ಸೀಳಿ, ಬಕೆಟ್ ಹಿಡಿಯ ಹಾಗೆ ಮಗುಚಿ, ಕೀಲಿನ ನಡುವೆ ಸಿಕ್ಕಿಕೊಂಡಿರಬಹುದು. ಈ ಕೊನೆಯದಾದರೆ ತಿಂಗಳುಗಟ್ಟಲೆ ಕಾಯುವ ಹಾಗಿಲ್ಲ. ಸಿಕ್ಕಿಕೊಂಡ ಚೂರು ಜಜ್ಜಿಹೋಗಿ, ಆಮೇಲೆ ಹೊಲಿಯಲೂ ಬರದಂತಾಗುತ್ತದೆ. ಹಿಮ್ಮಡಿಗಳು ಸಮ ಇಲ್ಲದಿದ್ದರೆ ಈ ವಾರವೇ ತೋರಿಸಿ.

ರಿಪೋರ್ಟಿನ ಗ್ರೇಡುಗಳು ಪರೀಕ್ಷೆಯ ಅಂಕಗಳಲ್ಲ. ಗ್ರೇಡ್ 3 ಅಂದರೆ ಎಂಆರ್‌ಐಯಲ್ಲಿ ಕಾಣುವ ಬಿಳಿ ಗೆರೆ ಮೆನಿಸ್ಕಸ್‌ನ ಮೇಲ್ಮೈವರೆಗೆ ಬಂದಿದೆ, ಅಂದರೆ ನಿಜವಾದ ಸೀಳು. ಗ್ರೇಡ್ 2 ಅಂದರೆ ಗೆರೆ ಒಳಗೇ ಇದೆ, ಮೇಲ್ಮೈ ಮುಟ್ಟಿಲ್ಲ. ಅದನ್ನು ಸೀಳು ಅಂತ ಲೆಕ್ಕ ಹಾಕುವುದಿಲ್ಲ. ಗ್ರೇಡ್ 2 ಅಂತ ಹೆದರಿ ಆಪರೇಷನ್ನಿಗೆ ಸಿದ್ಧವಾಗಿ ಬರುವವರನ್ನು ನಾನು ತುಂಬ ನೋಡಿದ್ದೇನೆ. ಆದರೂ ನಿಮ್ಮ ತಮ್ಮನ ವಿಷಯದಲ್ಲಿ ಹೊರಬದಿಯನ್ನು ಪೂರ್ತಿ ಮರೆಯುವಂತಿಲ್ಲ. ಎಸಿಎಲ್ ಹರಿದಾಗ ಹೊರಬದಿಯ ಸೀಳುಗಳು ಎಂಆರ್‌ಐ ಕಣ್ಣಿಗೆ ಬೀಳದೆ ಹೋಗುವುದು ಜಾಸ್ತಿ. ಅದರಲ್ಲೂ ಮೆನಿಸ್ಕಸ್ ಮೂಳೆಗೆ ಅಂಟಿಕೊಂಡಿರುವ ಬುಡ, ನಾವು ರೂಟ್ ಅನ್ನುವುದು, ಅಲ್ಲೇ ಕಿತ್ತಿದ್ದರೆ ಇಡೀ ಮೆನಿಸ್ಕಸ್ ಇದ್ದೂ ಇಲ್ಲದಂತೆ.

ಎಂಆರ್‌ಐ ತಪ್ಪಿಸಿಕೊಳ್ಳುವ ಇನ್ನೊಂದು ಸೀಳು ಇದೆ. ಅದರ ಪಾಠ ನನಗೆ ಪೆಟ್ಟು ಬಿದ್ದೇ ಆಯಿತು. ನಾನು ಕೆಲಸ ಕಲಿಯುತ್ತಿದ್ದ ದಿನಗಳು. ಕಬಡ್ಡಿ ಆಡುವ ಹುಡುಗನೊಬ್ಬನಿಗೆ ಎಸಿಎಲ್ ಹಾಕಿದೆವು, ಅಂದರೆ ಹರಿದದ್ದರ ಜಾಗಕ್ಕೆ ಹೊಸ ಲಿಗಮೆಂಟ್ ಕೂರಿಸಿದೆವು. ಎಂಆರ್‌ಐಯಲ್ಲಿ ಮೆನಿಸ್ಕಸ್ ಚೆನ್ನಾಗಿದೆ ಅಂತಿತ್ತು. ಕ್ಯಾಮೆರಾ ಹಾಕಿ ಮುಂದಿನಿಂದ ನೋಡಿದೆವು, ಚೆನ್ನಾಗಿಯೇ ಕಂಡಿತು. ವರ್ಷವಾಗುವಷ್ಟರಲ್ಲಿ ಅವನು ಮಂಡಿ ಲಾಕ್ ಆಗಿ ವಾಪಸ್ ಬಂದ. ಒಳಬದಿಯ ಮೆನಿಸ್ಕಸ್ ಅದರ ಹಿಂದಿನ ಪೊರೆಯಿಂದ ಬಿಟ್ಟುಕೊಂಡಿತ್ತು. ಮೊದಲ ದಿನವೇ ಬಿಟ್ಟಿರಬೇಕು, ನಾವು ಹಿಂದೆ ಹೋಗಿ ನೋಡಿರಲಿಲ್ಲ. ಇದಕ್ಕೆ ರ‍್ಯಾಂಪ್ ಸೀಳು ಅಂತಾರೆ. ಎಂಆರ್‌ಐ ತೆಗೆಯುವಾಗ ಕಾಲು ಚಾಚಿ ಮಲಗಿಸುವುದರಿಂದ ಆ ಸಂದು ಮುಚ್ಚಿಕೊಂಡಿರುತ್ತದೆ. ಮುಂದಿನಿಂದ ಕ್ಯಾಮೆರಾ ಹಾಕಿದರೂ ಮೆನಿಸ್ಕಸ್ ಅಡ್ಡ ನಿಂತು ಕಾಣಿಸುವುದಿಲ್ಲ.

ಈಗ ಪ್ರತಿ ಎಸಿಎಲ್ ಆಪರೇಷನ್ನಿನಲ್ಲೂ ಹಿಂಭಾಗ ನೋಡದೆ ಹೊರಗೆ ಬರುವುದಿಲ್ಲ. ಕ್ಯಾಮೆರಾವನ್ನು ಮಧ್ಯದ ಇರುಕಿನಿಂದ ಹಿಂದಿನ ಕೋಣೆಗೆ ತೂರಿಸಬೇಕು. ಸೂಜಿಯಿಂದ ಜಾಗ ಗುರುತಿಸಿ, ಒಳಮಗ್ಗುಲ ಹಿಂದೆ ಇನ್ನೊಂದು ಸಣ್ಣ ತೂತು ಮಾಡಿ, ತುದಿ ಬಾಗಿದ ಸಣ್ಣ ಕೊಕ್ಕೆ ಒಳಗೆ ಬಿಡಬೇಕು. ಮೇಲ್ನೋಟಕ್ಕೆ ಎಲ್ಲ ಸರಿ ಇರುತ್ತದೆ. ಕೊಕ್ಕೆಯಿಂದ ಮೆನಿಸ್ಕಸ್ಸನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಒಮ್ಮೊಮ್ಮೆ ಮೀನಿನ ಬಾಯಿ ತೆರೆದ ಹಾಗೆ ಸಂದು ತೆರೆದುಕೊಳ್ಳುತ್ತದೆ. ನಿಮ್ಮ ತಮ್ಮನ ರಿಪೋರ್ಟಿನಲ್ಲಿ 'ಒಳಬದಿಯ ಹಿಂಭಾಗ' ಅಂತ ಬರೆದಿರುವುದರಿಂದ ಇದು ಇರುವ ಸಾಧ್ಯತೆ ನನ್ನ ತಲೆಯಲ್ಲಿದೆ. ಆಪರೇಷನ್ ಮಾಡುವವರನ್ನು ನೇರವಾಗಿ ಕೇಳಿ: ಹಿಂಭಾಗದ ಕೋಣೆ ನೋಡ್ತೀರಾ, ಬೇಕಾದರೆ ಅಲ್ಲಿ ಹೊಲಿಗೆ ಹಾಕುವ ಸಲಕರಣೆ ಇದೆಯಾ? ಹೀಗೆ ಕೇಳಿದರೆ ಯಾವ ಒಳ್ಳೆಯ ಸರ್ಜನ್ನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಲಿಯುವುದಾ, ಕತ್ತರಿಸುವುದಾ ಅನ್ನುವುದು ಬಹುಪಾಲು ನೀರಾವರಿ ಪ್ರಶ್ನೆ. ಭದ್ರಾ ನಾಲೆಯ ತಲೆಯ ಹತ್ತಿರದ ಗದ್ದೆಗೆ ನೀರು ಸಲೀಸು, ಕೊನೆಯ ಭಾಗದವರಿಗೆ ಪ್ರತಿ ವರ್ಷ ಗೋಳು. ಮೆನಿಸ್ಕಸ್ ಕೂಡ ಹಾಗೇ. ರಕ್ತ ಬರುವುದು ಹೊರ ಅಂಚಿನಿಂದ. ದೊಡ್ಡವರಲ್ಲಿ ಅದು ಅಗಲದ ಶೇ. 10ರಿಂದ 30ರವರೆಗೆ ಮಾತ್ರ ತಲುಪುತ್ತದೆ. ಹೊರ ಅಂಚಿನ ಸೀಳು ಹೊಲಿದರೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಒಳಗಿನ ತೆಳು ಅಂಚಿಗೆ ರಕ್ತವೇ ಇಲ್ಲ, ಅಲ್ಲಿ ಜಜ್ಜಿ ನಾರುನಾರಾದ ಚೂರನ್ನು ಹೊಲಿದರೆ ಬಟ್ಟೆ ಹೊಲಿದಂತೆ ನಿಲ್ಲುತ್ತದೆಯೇ ಹೊರತು ಕೂಡುವುದು ಕಷ್ಟ. ಅಂಥ ಕಡೆ ಸಡಿಲವಾದದ್ದಷ್ಟನ್ನೇ, ಆದಷ್ಟು ಕಡಿಮೆ, ಕತ್ತರಿಸಿ ನುಣುಪು ಮಾಡುತ್ತೇವೆ. ಉದ್ದಕ್ಕೆ ಹೋದ ಸೀಳು ಹೊಲಿಗೆಗೆ ಒಗ್ಗುತ್ತದೆ. ಬುಡ ಕಿತ್ತಿದ್ದರೆ ಮೊಳಗಾಲಿನ ಮೂಳೆಗೆ ಸಣ್ಣ ತೂತು ಕೊರೆದು, ದಾರ ಅದರೊಳಗಿಂದ ಎಳೆದು ಕಟ್ಟುತ್ತೇವೆ. ಹೊರಬದಿಯ ಹಿಂಭಾಗದಲ್ಲಿ ಸೆಂಟಿಮೀಟರಿಗಿಂತ ಚಿಕ್ಕ, ಕೊಕ್ಕೆಯಲ್ಲಿ ಎಳೆದರೂ ಅಲುಗಾಡದ ಸೀಳಾದರೆ ಸುಮ್ನೆ ಬಿಡುತ್ತೇವೆ. ಎಸಿಎಲ್ ಹಾಕಿದ ಮೇಲೆ ಅಂಥವು ಬಹಳಷ್ಟು ಸಲ ತೊಂದರೆ ಕೊಡುವುದಿಲ್ಲ.

ಇಲ್ಲಿ ನಿಮ್ಮ ತಮ್ಮನಿಗೆ ಒಂದು ಅನುಕೂಲವೂ ಇದೆ. ಬರೀ ಮೆನಿಸ್ಕಸ್ ಹೊಲಿದಾಗಿಗಿಂತ ಎಸಿಎಲ್ ಜೊತೆಗೆ ಹೊಲಿದಾಗ ಅದು ಹೆಚ್ಚು ಚೆನ್ನಾಗಿ ಕೂಡುತ್ತದೆ. ಲಿಗಮೆಂಟ್ ಕೂರಿಸಲು ಮೂಳೆ ಕೊರೆಯುತ್ತೇವಲ್ಲ, ಮಜ್ಜೆಯಿಂದ ರಕ್ತ ಬಂದು ಕೀಲಿನೊಳಗೆ ಸೇರುತ್ತದೆ. ಒಣ ಗದ್ದೆಗೆ ನೀರು ಬಿಟ್ಟಂತೆ ಅದು ಗಾಯಕ್ಕೆ ನೆರವಾಗುತ್ತದೆ ಅನ್ನುವುದು ಒಂದು ಕಾರಣ. ಮಂಡಿ ಜಾರುವುದು ನಿಂತು ಹೊಲಿಗೆಯ ಮೇಲಿನ ಎಳೆತ ಕಡಿಮೆಯಾಗುವುದು ಇನ್ನೊಂದು. ಹಾಗಂತ ಎಲ್ಲ ಹೊಲಿಗೆಯೂ ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ಕೆಲವರಿಗೆ ಬಿಟ್ಟುಹೋಗಿ ಮತ್ತೆ ಆರ್ತ್ರೋಸ್ಕೋಪಿ (ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಬೇಕಾಗುತ್ತದೆ. ಈ ವಯಸ್ಸಿನಲ್ಲಿ ಆ ಅಪಾಯ ತೆಗೆದುಕೊಳ್ಳುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೊಲಿದದ್ದನ್ನು ಮುಂದೆ ಬೇಕಾದರೆ ಕತ್ತರಿಸಬಹುದು, ಕತ್ತರಿಸಿದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ.

ಆಪರೇಷನ್ ಇಲ್ಲದೆ ಆಗುವುದೇ ಇಲ್ಲವಾ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವರಿಗೆ ಆಗುತ್ತದೆ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್. ಐದು ವರ್ಷದ ಹೊತ್ತಿಗೆ ಎರಡನೇ ಗುಂಪಿನಲ್ಲಿ ಸುಮಾರು ಅರ್ಧ ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಉಳಿದ ಅರ್ಧ ಹಾಗೇ ಬದುಕು ನಡೆಸಿದ್ದರು. ಐವತ್ತು ದಾಟಿದ, ಅಂಗಡಿಯಲ್ಲಿ ಕೂತು ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೂ ವ್ಯಾಯಾಮವೇ. ನಿಮ್ಮ ತಮ್ಮನ ಲೆಕ್ಕ ಬೇರೆ. ವಯಸ್ಸು ಚಿಕ್ಕದು, ಇಳಿಜಾರಿನ ಕೆಲಸ, ಮಂಡಿ ಆಗಲೇ ಜಾರುತ್ತಿದೆ, ಜೊತೆಗೆ ಹೊಲಿಯಬಹುದಾದ ಸೀಳು. ಎಸಿಎಲ್ ಇಲ್ಲದ ಮಂಡಿ ಒಂದೊಂದು ಸಲ ಜಾರಿದಾಗಲೂ ಅರೆಯಲ್ಪಡುವುದು ಆ ಒಳಬದಿಯ ಮೆನಿಸ್ಕಸ್. ಪೆಟ್ಟಾಗಿ ತಿಂಗಳುಗಳು ಕಳೆದಷ್ಟೂ ಅಲ್ಲಿನ ಹಾನಿ ಹೆಚ್ಚುತ್ತದೆ. 'ಕೊಯ್ಲು ಮುಗಿಸಿ ಶಿವರಾತ್ರಿ ಮೇಲೆ ನೋಡೋಣ' ಅನ್ನಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಹಾಗಂತ ನಾಳೆಯೇ ಟೇಬಲ್ ಮೇಲೆ ಮಲಗಿಸುವುದೂ ತಪ್ಪು. ಊದಿದ, ಬಿಗಿದ ಮಂಡಿಗೆ ಎಸಿಎಲ್ ಹಾಕಿದರೆ ಆಮೇಲೆ ಅದು ಮರದ ಕೊರಡಾಗುತ್ತದೆ. ಮಂಡಿ ಲಾಕ್ ಆಗಿಲ್ಲ ಅಂದರೆ ಮೊದಲು ಎರಡು ಮೂರು ವಾರ ಫಿಸಿಯೋಥೆರಪಿ ಮಾಡಿಸಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಊತ ಹೋಗಬೇಕು, ತೊಡೆಯ ಮುಂದಿನ ಸ್ನಾಯು ಎಚ್ಚರವಾಗಬೇಕು. ಮಡಚಿದ ಟವೆಲನ್ನು ಹಿಮ್ಮಡಿ ಕೆಳಗಿಟ್ಟು, ಮಂಡಿಯನ್ನು ಹಾಸಿಗೆಯ ಕಡೆ ಒತ್ತಿ ಐದು ಎಣಿಸುವವರೆಗೆ ಹಿಡಿಯುವುದು, ಇದನ್ನು ಇವತ್ತೇ ಶುರು ಮಾಡಬಹುದು.

ಆಪರೇಷನ್ನಿನ ದಿನ ಸುಲಭ, ಆಮೇಲಿನದ್ದೇ ಕಷ್ಟ. ಬರೀ ಎಸಿಎಲ್ ಆದರೆ ಬೇಗ ಕಾಲೂರಿಸುತ್ತೇವೆ. ಮೆನಿಸ್ಕಸ್ ಹೊಲಿದಿದ್ದರೆ ನಾಲ್ಕರಿಂದ ಆರು ವಾರ ಬ್ರೇಸು, ಊರುಗೋಲು, 90 ಡಿಗ್ರಿಗಿಂತ ಹೆಚ್ಚು ಮಡಚುವಂತಿಲ್ಲ. ಬುಡದ ಹೊಲಿಗೆಯಾದರೆ ಆರು ವಾರ ಕಾಲಿಗೆ ಭಾರ ಕೊಡುವುದೇ ಬಹಳ ಕಡಿಮೆ. ನಮ್ಮ ಕಡೆಯ ಮನೆಗಳಲ್ಲಿ ತೊಂದರೆ ಬರುವುದು ಇಲ್ಲೇ. ಊಟ ನೆಲದ ಮೇಲೆ, ಕಕ್ಕಸಿಗೆ ಕುಕ್ಕರಗಾಲು, ಬಚ್ಚಲಿಗೆ ಹೋಗುವ ದಾರಿ ಹಿತ್ತಿಲ ಪಾಚಿಕಟ್ಟಿದ ಕಲ್ಲಿನ ಮೇಲೆ. ಆಪರೇಷನ್ನಿಗೆ ಮುಂಚೆಯೇ ಕಮೋಡ್ ಕುರ್ಚಿ ತಂದಿಡಿ. ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಹಳ್ಳಕ್ಕೆ ಅಡ್ಡ ಇರುವ ಕಾಲುಸಂಕದ ಕಡೆ ಅವನು ಹೋಗದ ಹಾಗೆ ನೋಡಿಕೊಳ್ಳಿ. ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ನಾಲ್ಕರಿಂದ ಆರು ತಿಂಗಳು ಬೇಡ. ಮದುವೆ ಮನೆ ಪಂಕ್ತಿಯಲ್ಲಿ ಕೂತು ಹೊಲಿಗೆ ಬಿಡಿಸಿಕೊಂಡವರೂ ಇದ್ದಾರೆ, ನಗಬೇಡಿ.

ಆಟಕ್ಕೆ ಒಂಬತ್ತು ತಿಂಗಳಿಗಿಂತ ಮುಂಚೆ ಇಲ್ಲ. ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಾ ಹೋಗುವುದನ್ನು ನಾರ್ವೆ, ಅಮೆರಿಕದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ತಿಂಗಳ ಲೆಕ್ಕ ಒಂದೇ ಸಾಲದು, ಆ ತೊಡೆಯ ಬಲ ಇನ್ನೊಂದು ತೊಡೆಯ ಶೇ. 90ಕ್ಕಾದರೂ ಬಂದಿರಬೇಕು. ಅಂದರೆ ಮುಂದಿನ ವರ್ಷದ ಕೆಸರುಗದ್ದೆಗೆ ಅವನು ಸ್ಕೋರ್ ಬರೆಯಲಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸೇರುತ್ತದೆ, ಹೊಲಿಗೆಯ ಸಲಕರಣೆ ಸೇರುತ್ತದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಎರಡು ಮಾತಿನ ನಡುವೆ ಸಿಕ್ಕಿಕೊಂಡಿದ್ದೀರಿ, ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಲ್ಲೂ ತೋರಿಸಬಹುದು.

ಎಲ್ಲಿಗೆ ಹೋದರೂ ರಿಪೋರ್ಟಿನ ಹಾಳೆ ಒಂದೇ ಒಯ್ಯಬೇಡಿ. ಎಂಆರ್‌ಐ ಫಿಲ್ಮು ಅಥವಾ ಸಿಡಿ ಜೊತೆಗಿರಲಿ, ನಿಂತು ತೆಗೆಸಿದ ಎಕ್ಸ್‌ರೇ ಇದ್ದರೆ ಅದೂ ಇರಲಿ. ತಮ್ಮನಿಗೆ ಬಿಗಿ ಜೀನ್ಸ್ ಬಿಟ್ಟು ಚಡ್ಡಿ ಹಾಕಿಕೊಂಡು ಬರಲು ಹೇಳಿ. ಮಂಡಿಗೆ ಕೈಯನ್ನೇ ಇಡದೆ, ಬರೀ ಫಿಲ್ಮ್ ನೋಡಿ ದಿನಾಂಕ ಬರೆದುಕೊಟ್ಟರೆ ಎದ್ದು ಬನ್ನಿ.